ತಗ್ಗಿನ ಬೀದಿಯ ಹಾಲುಹಲ್ಲುಗಳು

ಜನವರಿ ೧೪

ಹಲ್ಲಕ್ಕನಿಗೆ,

ಈ ಹೆಸರು ಓದಿ ನಗು ಬಂತೇ? ನಿನ್ನೆ ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸಿಕ್ಕಿದ್ದಳು. ಈಗ ಟೈಲರ್ ಅಂಗಡಿ ಇಟ್ಟಿದ್ದಾಳೆ, ತಲೆಯಲ್ಲಿ ಅರ್ಧ ಬಿಳಿ ಕೂದಲು. "ಟೀಚರ್, ನಿಮ್ಮ ನಾದಿನಿ ಹಲ್ಲಕ್ಕ ಹೇಗಿದ್ದಾರೆ?" ಅಂತ ಕೇಳಿದಳು. ನೀನು ಅಲ್ಲಿ ಎಷ್ಟು ದೊಡ್ಡ ವಿಜ್ಞಾನಿಯಾದರೂ ಈ ಊರಿಗೆ ಹಲ್ಲಕ್ಕನೇ, ತಿಳಿದುಕೋ.

ಫೋನ್ ಬಿಟ್ಟು ಕಾಗದ ಯಾಕೆ ಬರೆದಳು ಅಂದುಕೊಳ್ಳಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಅಂದು ಮುಗಿಸಿಬಿಡುತ್ತೀಯ. ಕಾಗದದಲ್ಲಿ ಬರೀ ಹೂಂ ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು.

ನೀನು ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದ ದಿನಗಳು ನೆನಪಾಗುತ್ತಿವೆ. ಹೆಗಲಿಗೆ ಚೀಲ, ಚೀಲದ ತುಂಬಾ ಬಣ್ಣದ ಪೆನ್ಸಿಲ್. ಬಿದ್ದ ಹಲ್ಲೊಂದು ತಂದುಕೊಟ್ಟರೆ ಪೆನ್ಸಿಲ್ ಒಂದು. ನನ್ನ ಒಂದನೇ ತರಗತಿಯಲ್ಲಿ ಆ ಎರಡು ವರ್ಷ ಒಂದು ಮಗುವಿನ ಕೈಯೂ ಬಾಯಿಂದ ಹೊರಗಿರಲಿಲ್ಲ. ನಾನು ಕೂಡುವ ಲೆಕ್ಕ ಹೇಳುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಯಾರೋ ಹಲ್ಲು ಅಲ್ಲಾಡಿಸುತ್ತಾ ಕಣ್ಣು ಮೇಲೆ ಮಾಡಿ ಕೂತಿರುತ್ತಿದ್ದರು. ನಮ್ಮ ಮನೆಯ ಮೊದ್ದುಮಣಿ ಅಂತೂ ನೀನು ಬರುವ ಹಿಂದಿನ ದಿನ ಹಲ್ಲಿಗೆ ದಾರ ಕಟ್ಟಿ ಬಾಗಿಲಿಗೆ ಬಿಗಿದುಕೊಂಡಿದ್ದ. ಎಂಥ ಕಾಲ ಅದು.

ಈಗ ವಿಷಯಕ್ಕೆ ಬರುತ್ತೇನೆ. ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ಜಾಗದಲ್ಲಿ ಪುರಸಭೆಯವರು ಹೊಸ ಪ್ರಾಥಮಿಕ ಶಾಲೆ ಕಟ್ಟುತ್ತಾರಂತೆ. ನಮ್ಮ ಮೊಮ್ಮಗಳು ಅಲ್ಲಿಯ ಮೊದಲ ತಂಡಕ್ಕೆ ಸೇರಬೇಕು. ತನ್ನ ಬೇಕರಿಯ ಬಾಗಿಲಲ್ಲಿ ನಿಂತರೆ ಮಗಳು ಆಡುವುದು ಕಾಣಿಸುತ್ತದೆ ಅಂತ ಮೊದ್ದು ಈಗಲೇ ತುದಿಗಾಲಲ್ಲಿ ನಿಂತಿದ್ದಾನೆ. ನನಗೆ ಮಾತ್ರ ಒಂದು ಹುಳು ಹೊಕ್ಕಿದೆ. ಆ ಕಾರ್ಖಾನೆಯ ಸೀಸ ಮಕ್ಕಳ ಮೈ ಸೇರಿದೆಯೇ ಅಂತ ನೋಡುವುದಕ್ಕೇ ಅಲ್ಲವೇ ನೀನು ಹಲ್ಲು ಕೂಡಿಸಿದ್ದು? ಆಮೇಲೆ ಒಂದು ಲೇಖನ ಕಳಿಸಿದ್ದೆ. ಅದರಲ್ಲಿ ನನಗೆ ಅರ್ಥವಾದದ್ದು ಇಡೀ ಊರಿನ ಸರಾಸರಿ, ಅದು ಹೆದರುವಷ್ಟಿಲ್ಲ ಅಂತ. ಸರಾಸರಿ ಇಟ್ಟುಕೊಂಡು ನಾನೇನು ಮಾಡಲಿ? ಕಾರ್ಖಾನೆಯ ಹಿಂದಿನ ನಮ್ಮ ತಗ್ಗಿನ ಬೀದಿಯದು ಎಷ್ಟು, ನೀರಿನ ಟ್ಯಾಂಕಿನ ಹತ್ತಿರದ ಬೀದಿಯದು ಎಷ್ಟು, ಬಿಡಿಸಿ ಕಳಿಸು. ಪುರಸಭೆಗೆ ತೋರಿಸುತ್ತೇನೆ. ಜುಲೈನಲ್ಲಿ ಪಾಯ ತೋಡುತ್ತಾರೆ, ಅಷ್ಟರೊಳಗೆ ಬೇಕು.

ನಿನ್ನ ಅತ್ತಿಗೆ

ಫೆಬ್ರವರಿ ೨

ಅತ್ತಿಗೆ,

ನಗು ಬಂತು, ನಿಜ. ಇಲ್ಲಿ ನನ್ನನ್ನು ಮೇಡಂ ಅನ್ನುವವರೇ ಎಲ್ಲ. ನಿವೃತ್ತಿಯಾದ ಮೇಲೂ ಮೆಟ್ಟಿಲ ಕೆಳಗೆ ನನಗೊಂದು ಮೇಜು ಬಿಟ್ಟುಕೊಟ್ಟಿದ್ದಾರೆ. ಬೆನ್ನ ಹಿಂದೆಯೇ ಉಕ್ಕಿನ ಬೀರು, ಅದರೊಳಗೆ ನಿಮ್ಮ ಊರಿನ ಹಲ್ಲುಗಳು, ಒಂದೊಂದೂ ಅದರದರ ಲಕೋಟೆಯಲ್ಲಿ. ಲಕೋಟೆಯ ಮೇಲೆ ನಿಮ್ಮ ದುಂಡು ಅಕ್ಷರ ಇನ್ನೂ ಮಾಸಿಲ್ಲ.

ನಿಮ್ಮ ಮನೆಯ ನಡುಕೋಣೆಯಲ್ಲಿ ಚಾಪೆ ಹಾಸಿ ಕೂತು ನೀವು ಮಗುವಿನ ಸಂಖ್ಯೆ, ಬೀದಿ ಬರೆಯುವುದು, ನಾನು ಹಲ್ಲು ಹಾಕುವುದು. ಅಷ್ಟು ಹೊತ್ತಿಗೆ ಅಣ್ಣ ಕಾರ್ಖಾನೆಯ ಪಾಳಿ ಮುಗಿಸಿ ಸೈಕಲ್ ಒಳಗೆ ತಂದು ನಿಲ್ಲಿಸುತ್ತಿದ್ದ. ಮೊದ್ದು ಓಡಿಹೋಗಿ ಅವನ ಕಾಲು ಕಟ್ಟಿಕೊಳ್ಳುತ್ತಿದ್ದ. ಇರಲಿ, ಅದೆಲ್ಲ ಈಗ ಯಾಕೆ.

ನೀವು ಕೇಳಿದ ಬೀದಿವಾರು ಅಂಕಿಗಳು ಸಂಸ್ಥೆಗೆ ಸೇರಿದವು. ಹೊರಗೆ ಕೊಡಬೇಕಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಅಷ್ಟಕ್ಕೂ ಒಂದೊಂದು ಬೀದಿಯಿಂದ ಬಂದ ಹಲ್ಲುಗಳು ಕಡಿಮೆ, ಅವನ್ನು ನೋಡಿ ಯಾವ ತೀರ್ಮಾನಕ್ಕೂ ಬರುವುದು ಸರಿಯಲ್ಲ. ಅದರ ಬದಲು ಜಾಗದ ಮಣ್ಣು ಪರೀಕ್ಷೆ ಮಾಡಿಸಲು ಪುರಸಭೆಗೆ ಹೇಳಿ. ಅದೇ ಒಳ್ಳೆಯ ದಾರಿ.

ಆರೋಗ್ಯ ನೋಡಿಕೊಳ್ಳಿ. ಮೊಮ್ಮಗಳಿಗೆ ಮುತ್ತು.

ನಿಮ್ಮ ನಾದಿನಿ

ಫೆಬ್ರವರಿ ೯

ವಿಜ್ಞಾನಿ ಮೇಡಂ ಅವರಿಗೆ,

ನಿನ್ನ ಕಾಗದದ ಮೊದಲರ್ಧ ನನ್ನ ನಾದಿನಿ ಬರೆದದ್ದು. ಉಳಿದರ್ಧ ಯಾವ ಗುಮಾಸ್ತ ಬರೆದದ್ದು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಕೊಡುತ್ತೇನೆ ಅಂತಲೂ ಇಲ್ಲ, ಕೊಡುವುದಿಲ್ಲ ಅಂತಲೂ ಇಲ್ಲ.

ಮಣ್ಣು ಪರೀಕ್ಷೆ ಆಯಿತಮ್ಮ. ಮೊದಲು ಹತ್ತಾರು ಲಾರಿ ಹೊಸ ಮಣ್ಣು ತಂದು ಹರಡಿದರು, ಆಮೇಲೆ ಅದರ ಮೇಲಿನಿಂದ ಎರಡು ಬೊಗಸೆ ಎತ್ತಿ ಪರೀಕ್ಷೆಗೆ ಕಳಿಸಿದರು. ಚೆನ್ನಾಗಿದೆ ಅಂತ ಬಂತು. ಬರದೆ ಇನ್ನೇನು? "ಕೆಳಗಿನ ಮಣ್ಣು ತೆಗೀರಿ" ಅಂದೆ. ಅಧ್ಯಕ್ಷರು ನಕ್ಕು, "ಟೀಚರ್, ನೀವು ರಿಟೈರ್ ಆದ್ರೂ ನಮ್ಮ ಕಿವಿ ಹಿಂಡೋದು ಬಿಡಲ್ವಲ್ಲ" ಅಂದರು. ಪಾಪ, ಅವರೂ ನನ್ನ ಕೈಯಲ್ಲೇ ಕಲಿತವರು. ಕೆಟ್ಟವರಲ್ಲ. ಏನಾದರೂ ಆಧಾರ ತೋರಿಸಿದರೆ ಕೇಳುತ್ತಾರೆ. ಆಧಾರ ನಿನ್ನ ಬೆನ್ನ ಹಿಂದೆ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ.

ಸಂಸ್ಥೆಗೆ ಸೇರಿದ್ದು ಅಂತ ಬರೆದೆಯಲ್ಲ, ಅದೊಂದು ಮಾತು ನನಗೆ ಚುಚ್ಚಿತು. ಹಲ್ಲು ನಮ್ಮ ಮಕ್ಕಳದು. ನಿನ್ನ ಸಂಬಳ, ಯಂತ್ರ, ಪೆನ್ಸಿಲ್ ಎಲ್ಲ ಜನ ಕಟ್ಟಿದ ತೆರಿಗೆಯದು. ಲಕೋಟೆಗೆ ಅಂಟು ನೆಕ್ಕಿದ್ದು ನಾನು, ನಾಲಿಗೆಗೆ ಆ ರುಚಿ ಇವತ್ತಿಗೂ ನೆನಪಿದೆ. ಈಗ ಅದನ್ನು ನೋಡಲು ನಾನೇ ಅರ್ಜಿ ಹಾಕಬೇಕು ಅಂದರೆ ಯಾವ ನ್ಯಾಯ?

ನೀನು ಸಣ್ಣವಳಿದ್ದಾಗ ಹೀಗಿರಲಿಲ್ಲ. ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದೆ, ನಿನ್ನಣ್ಣ "ಇವಳ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ" ಅಂತ ರೇಗಿಸುತ್ತಿದ್ದರು. ನಿನ್ನ ಕಾಗದ ಓದಿದ ಮೇಲೆ ಆ ಸಂಜೆಗಳೇ ಕಣ್ಣ ಮುಂದೆ. ಅವರು ಬಂದವರೇ ಹಿತ್ತಲಿನಲ್ಲಿ ಅಂಗಿ ಕಳಚುತ್ತಿದ್ದರು, ನಾನು ಒಗೆಯುವ ಮೊದಲು ಜೋರಾಗಿ ಒದರುತ್ತಿದ್ದೆ. ಸಂಜೆ ಬಿಸಿಲಿಗೆ ಆ ಬೂದು ಧೂಳು ಮಿಣಮಿಣ ಅನ್ನುತ್ತಿತ್ತು. ಮೊದ್ದು ಅದನ್ನು ಹಿಡಿಯಲು ಕುಣಿಯುತ್ತಿದ್ದ, ನೀನು ಚಪ್ಪಾಳೆ ತಟ್ಟುತ್ತಿದ್ದೆ. ಈಗ ದೊಡ್ಡ ಮನುಷ್ಯಳಾಗಿದ್ದೀಯ, ಊರಿನವರ ಮಾತು ನಿನಗೆ ಚಿಕ್ಕದಾಗಿ ಕೇಳಿಸುತ್ತದೇನೋ.

ಅತ್ತಿಗೆ

ಫೆಬ್ರವರಿ ೨೦

ಅತ್ತಿಗೆ,

ಬೈಯಿರಿ, ಬೈಸಿಕೊಳ್ಳುತ್ತೇನೆ. ದೊಡ್ಡ ಮನುಷ್ಯಳು ಅನ್ನುವುದೊಂದು ಬೇಡ.

ನಿಮ್ಮ ಕಾಗದ ಹಿಡಿದುಕೊಂಡೇ ನಿರ್ದೇಶಕರ ಕೋಣೆಗೆ ಹೋದೆ. ಅವರು ನನಗಿಂತ ಬಹಳ ಚಿಕ್ಕವರು, ಒಳ್ಳೆಯವರು. ಜನರ ದುಡ್ಡಿನಲ್ಲಿ ನಡೆದ ಸಂಶೋಧನೆ ಜನರಿಗೆ ತೆರೆದಿರಬೇಕು ಅನ್ನುವುದನ್ನು ಅವರೂ ಒಪ್ಪುತ್ತಾರೆ. ಅವರ ತೊಡಕು ಬೇರೆ. ಅಂಕಿಗಳು ಗಲೀಜಾಗಿವೆ ಅನ್ನುತ್ತಾರೆ. ಟ್ಯಾಂಕ್ ಬೀದಿಯ ಒಂದು ಹಲ್ಲಿನಲ್ಲಿ ಸೀಸ ಜಾಸ್ತಿ, ತಗ್ಗಿನ ಬೀದಿಯ ಇನ್ನೊಂದರಲ್ಲಿ ಏನೂ ಇಲ್ಲ. ಯಾವ ಮಗು ಎಲ್ಲಿ ಬೆಳೆಯಿತು, ಎಲ್ಲಿಂದ ಬಂದು ಸೇರಿತು, ನಮಗೆ ತಿಳಿಯದು. ಹೀಗೇ ತೆರೆದಿಟ್ಟರೆ ಯಾರಾದರೂ ಒಂದು ತಪ್ಪು ಹಿಡಿದು ಎಲ್ಲವನ್ನೂ ಸುಳ್ಳು ಅಂದುಬಿಡಬಹುದು ಎಂಬ ಭಯ ಅವರದು.

ಅವರ ಮಾತಿನಲ್ಲೂ ಅರ್ಥವಿದೆ. ನಮ್ಮ ಪೆನ್ಸಿಲ್ ಆಸೆಗೆ ಮಕ್ಕಳು ಏನೇನು ತಂದಿದ್ದರು ನೆನಪಿದೆಯಲ್ಲ? ಒಂದು ಲಕೋಟೆಯಲ್ಲಿ ನಾಯಿಮರಿಯ ಹಲ್ಲಿದೆ. ಕಂಡ ದಿನವೇ ಬೇರೆ ತೆಗೆದಿಟ್ಟೆ, ಎಸೆಯಲು ಮಾತ್ರ ಮನಸ್ಸಾಗಲಿಲ್ಲ.

ಹಾಗಾಗಿ ಈ ವಿಚಾರ ಇಲ್ಲಿಗೇ ಬಿಡುವುದು ಒಳ್ಳೆಯದೇನೋ. ಮೊಮ್ಮಗಳನ್ನು ಬೇರೆ ಶಾಲೆಗೆ ಸೇರಿಸಿ, ಬೇಕಾದರೆ ನಾನೇ ವಿಚಾರಿಸಿ ಹೇಳುತ್ತೇನೆ.

ನಿಮ್ಮ ನಾದಿನಿ

ಮಾರ್ಚ್ ೧೭

ಹಲ್ಲಕ್ಕ,

ನಮ್ಮ ಮೊಮ್ಮಗಳನ್ನು ಬೇರೆ ಶಾಲೆಗೆ ಸೇರಿಸಿದರೆ ಉಳಿದ ಮಕ್ಕಳು ಯಾರ ಮೊಮ್ಮಕ್ಕಳು? ಈ ಮಾತನ್ನು ನೀನು ಬರೆದೆ ಅಂತ ನಂಬುವುದಕ್ಕೇ ನನಗೆ ಎರಡು ದಿನ ಹಿಡಿಯಿತು.

ಇರಲಿ. ಅಂಕಿ ಗಲೀಜಾಗಿದ್ದರೆ ತೊಳೆಯುವವರು ಇಲ್ಲಿದ್ದಾರೆ. ಟೈಲರ್ ಹುಡುಗಿಗೆ ಹೇಳಿದೆ, ಅವಳು ತನ್ನ ಜೊತೆ ಓದಿದವರಿಗೆಲ್ಲ ಸುದ್ದಿ ಮುಟ್ಟಿಸಿದಳು. ಪ್ರತಿ ಭಾನುವಾರ ನಮ್ಮ ಮುಂದಿನ ಕೋಣೆಯಲ್ಲಿ ಒಂದನೇ ತರಗತಿ ಮತ್ತೆ ಸೇರುತ್ತಿದೆ. ಬೊಜ್ಜು ಬಂದವರು, ಕನ್ನಡಕದವರು, ಬಸ್ ಡ್ರೈವರ್, ನರ್ಸ್, ಅಂಚೆಯವಳು. ಹಳೆಯ ಗ್ರೂಪ್ ಫೋಟೋ ಮಧ್ಯೆ ಇಟ್ಟುಕೊಂಡು ಒಬ್ಬೊಬ್ಬರೂ ಹೇಳುವುದು: ಹಲ್ಲು ಬಿದ್ದಾಗ ಯಾವ ಮನೆಯಲ್ಲಿದ್ದೆವು, ಹುಟ್ಟಿದ್ದೆಲ್ಲಿ, ಎಲ್ಲಿ ಆಡುತ್ತಿದ್ದೆವು.

ಟೈಲರ್ ಹುಡುಗಿ ಟ್ಯಾಂಕ್ ಬೀದಿಯವಳು ಅಂತ ನಾನು ಲಕೋಟೆಯ ಮೇಲೆ ಬರೆದಿದ್ದೆ. ಅವಳ ಅಪ್ಪನ ಮನೆ ಅಲ್ಲಿತ್ತು, ನಿಜ. ಆದರೆ ಐದು ವರ್ಷದವರೆಗೆ ಅವಳು ಬೆಳೆದದ್ದು ತಗ್ಗಿನ ಬೀದಿಯ ಅಜ್ಜಿ ಮನೆಯಲ್ಲಂತೆ. ನರ್ಸ್‌ ಕಥೆ ಅದರ ಉಲ್ಟಾ, ಶಾಲೆಗೆ ಸೇರುವ ಹಿಂದಿನ ತಿಂಗಳಷ್ಟೇ ಬೇರೆ ಊರಿನಿಂದ ನಮ್ಮ ಬೀದಿಗೆ ಬಂದವಳು. ಬಸ್ ಡ್ರೈವರ್ ತಲೆ ತಗ್ಗಿಸಿಕೊಂಡು, "ಟೀಚರ್, ಆ ನಾಯಿಮರಿ ಹಲ್ಲು ನಂದೇ" ಅಂದ. ಕೋಣೆಯೆಲ್ಲ ಗೊಳ್ಳೆಂದಿತು. "ನಿಂದಲ್ಲಪ್ಪ, ನಾಯಿದು" ಅಂದೆ. ಎಷ್ಟು ವರ್ಷವಾಗಿತ್ತು ನಾನು ಹಾಗೆ ನಕ್ಕು.

ಮೊದ್ದು ಬೇಕರಿಯಿಂದ ಬಿಸಿ ಬನ್ನು ತಂದುಕೊಟ್ಟು ತಾನೂ ಒಂದು ಮೂಲೆಯಲ್ಲಿ ಕೂರುತ್ತಾನೆ. "ಟೀಚರ್ ಮಗನೇ ಕ್ಲಾಸಲ್ಲಿ ಲಾಸ್ಟು, ಎಷ್ಟು ಸಲ ಮಗ್ಗಿ ಬರೆಸಿದ್ರಿ ಪಾಪ" ಅಂತ ಅವರೆಲ್ಲ ರೇಗಿಸಿದರು. ಅವನೂ ನಕ್ಕ. ಹೌದು, ಬಹಳ ಬರೆಸಿದ್ದೆ. ಬೇರೆ ಮಕ್ಕಳಿಗೆ ಒಂದು ಸಲ ಹೇಳಿದರೆ ಹತ್ತುತ್ತಿತ್ತು, ಇವನಿಗೆ ಹತ್ತು ಸಲ ಹೇಳಿದರೂ ಜಾರಿಹೋಗುತ್ತಿತ್ತು. ಸೋಮಾರಿತನ ಅಂದುಕೊಂಡೆ.

ಎಲ್ಲರೂ ಹೇಳಿದ್ದನ್ನು ಬರೆದು ಇದರ ಜೊತೆ ಕಳಿಸಿದ್ದೇನೆ, ಲಕೋಟೆಗಳಿಗೆ ಹೊಂದಿಸಿ ನೋಡು. ತಮ್ಮ ಹಲ್ಲಿನ ಅಂಕಿ ತೆರೆದಿಡಬಹುದು ಅಂತ ಒಪ್ಪಿದವರು ಸಹಿ ಹಾಕಿದ್ದಾರೆ. ಕ್ಷೌರದಂಗಡಿಯವನು ಒಪ್ಪಲಿಲ್ಲ, ಅದು ಅವನಿಷ್ಟ, ಅವನದನ್ನು ಬಿಟ್ಟುಬಿಡು. ಮೊದ್ದುವಿನ ಸಹಿ ಇಲ್ಲ. ಮನೆಯವನೇ ಅಲ್ಲವೇ ಅಂತ ನಾನು ಕೇಳಲಿಲ್ಲ.

ಇನ್ನು ನಿಮ್ಮ ನಿರ್ದೇಶಕರಿಗೆ ಏನು ನೆಪ ಉಳಿದಿದೆ ಬರೆ.

ಅತ್ತಿಗೆ

ಏಪ್ರಿಲ್ ೨೮

ಅತ್ತಿಗೆ,

ತಡವಾಯಿತು. ಬರೆದು ಬರೆದು ಹರಿದುಹಾಕಿದೆ.

ನಿಮ್ಮ ಮಕ್ಕಳು ಹೇಳಿದ್ದನ್ನೆಲ್ಲ ಹೊಂದಿಸಿದೆ. ಟ್ಯಾಂಕ್ ಬೀದಿಯ ಆ ಹಲ್ಲು ಟೈಲರ್ ಹುಡುಗಿಯದು, ತಗ್ಗಿನ ಬೀದಿಯ ಆ ಖಾಲಿ ಹಲ್ಲು ನರ್ಸ್‌ದು. ಎರಡನ್ನೂ ಅವರವರ ಜಾಗಕ್ಕೆ ತಂದೊಡನೆ ಗೊಂದಲ ಮುಗಿಯಿತು. ಟ್ಯಾಂಕಿನಿಂದ ಕಾರ್ಖಾನೆಯ ಕಡೆಗೆ ಇಳಿದಂತೆಲ್ಲ ಸೀಸ ಏರುತ್ತಾ ಹೋಗುತ್ತದೆ. ಯಾರು ನೋಡಿದರೂ ಕಾಣುವಷ್ಟು ಸ್ಪಷ್ಟ. ನಿರ್ದೇಶಕರು ಬಹಳ ಹೊತ್ತು ನೋಡಿ, "ಮೇಡಂ, ಇದನ್ನ ಆಗಲೇ ಅವರ ಕೈಗೆ ಕೊಡಬೇಕಿತ್ತು" ಅಂದರು. ಅವರು ಒಪ್ಪಿದ್ದಾರೆ.

ಈಗ ಅಡ್ಡಿ ನಾನು. ಮೊದಲಿನಿಂದಲೂ ನಾನೇ.

ಎಲ್ಲಕ್ಕಿಂತ ಹೆಚ್ಚು ಸೀಸ ಸಿಕ್ಕಿದ್ದು ಕಾರ್ಖಾನೆಯ ಗೋಡೆಗೆ ಅಂಟಿದ ಮನೆಗಳಲ್ಲಲ್ಲ ಅತ್ತಿಗೆ. ಬೀದಿಯ ನಡುವಿನ ಒಂದು ಮನೆಯಲ್ಲಿ. ಆ ಲಕೋಟೆಯ ಮೇಲೂ ನಿಮ್ಮದೇ ಅಕ್ಷರ. ಗಾಳಿಯಲ್ಲಿ ಬಂದ ಸೀಸವಾದರೆ ಅಷ್ಟಿರಬಾರದು. ಅದು ಅಣ್ಣನ ಬಟ್ಟೆಯ ಮೇಲೆ ಮನೆಗೆ ಬಂದದ್ದು. ನೀವು ಆ ಮಿಣಮಿಣ ಧೂಳಿನ ಬಗ್ಗೆ ಬರೆದ ಕಾಗದ ಓದಿದ ದಿನ ನನಗೆ ಮೇಜಿನ ಮುಂದೆ ಕೂರಲಾಗಲಿಲ್ಲ.

ಅಂಕಿ ಕೈಗೆ ಬಂದಾಗ ಅಣ್ಣ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಾರ್ಖಾನೆ ಮುಚ್ಚಿತ್ತು. ಯಾವ ಮಗುವಿನದೂ ಬೇರೆಯಾಗಿ ಹೇಳಬಾರದೆಂಬ ನಿಯಮ ನಮಗಿತ್ತು, ನಾನು ಅದರ ಹಿಂದೆ ನಿಂತೆ. ಒಂದು ಹಲ್ಲು ನೋಡಿ ಒಂದು ಮಗುವಿನ ಬುದ್ಧಿಯ ಬಗ್ಗೆ ಹೇಳಲಾಗದು, ಅದೂ ನಿಜ. ಆದರೂ ನೀವು ಅವನನ್ನು ಮೊದ್ದು ಅಂತ ಕರೆದಾಗೆಲ್ಲ ನನಗೆ ಆ ಲಕೋಟೆಯೇ ನೆನಪಾಗುತ್ತಿತ್ತು. ಅದಕ್ಕೇ ಬರುವುದನ್ನು ಕಡಿಮೆ ಮಾಡಿದೆ. ನೀವು ಅದನ್ನು ಜಂಬ ಅಂದುಕೊಂಡಿರಿ, ಹಾಗೇ ಅಂದುಕೊಳ್ಳಲಿ ಅಂತ ನಾನೂ ಬಿಟ್ಟೆ.

ಬೀದಿವಾರು ತೆರೆದರೆ ಆ ಮನೆ ಯಾವುದೆಂದು ಇಡೀ ಊರಿಗೆ ಗೊತ್ತಾಗುತ್ತದೆ. ಕಾರ್ಖಾನೆಯ ಮೇಸ್ತ್ರಿಯಾಗಿದ್ದವನೇ ತನ್ನ ಮಗನಿಗೆ ವಿಷ ತಂದ ಅನ್ನುತ್ತಾರೆ. ನಿಮ್ಮ ಮನೆಯ ಲಕೋಟೆಯೊಂದನ್ನು ಬಿಟ್ಟು ಉಳಿದದ್ದನ್ನು ತೆರೆಯಬಹುದು. ಪುರಸಭೆಗೆ ಅಷ್ಟೇ ಸಾಕು, ಯಾರಿಗೂ ಅನುಮಾನ ಬರುವುದಿಲ್ಲ. ನೀವು ಹೇಗೆ ಹೇಳಿದರೆ ಹಾಗೆ.

ನಿಮ್ಮ ನಾದಿನಿ

ಜೂನ್ ೯

ನಾದಿನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ನೀನು ಎರಡು ಸಲ ಫೋನ್ ಮಾಡಿದ್ದೂ ಗೊತ್ತು. ಎತ್ತಲಿಲ್ಲ.

ಅಂಗಿ ಒದರಿದ್ದು ಅವರಲ್ಲ, ನಾನು. ಅವರು ಒದ್ದೆ ಮಾಡಿ ನೆನೆಸು ಅನ್ನುತ್ತಿದ್ದರು, ಸೋಪು ಜಾಸ್ತಿ ಹೋಗುತ್ತದೆ ಅಂತ ನಾನೇ ಒದರುತ್ತಿದ್ದೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಕಾರ್ಖಾನೆಯ ಹಳೆಯ ಗೋಡೆ ಕೆಡವುತ್ತಿದ್ದಾರೆ. ನಿನ್ನೆ ಸಂಜೆ ಕೆಲಸ ಬಿಟ್ಟು ಹೊರಟವನೊಬ್ಬ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಮನೆ ಮುಂದೆ ಹಾದುಹೋದ. ಆ ಮಗು ಅವನ ತಲೆ ತಬ್ಬಿಕೊಂಡು ಹಾಡುತ್ತಿತ್ತು. ಅವನ ಅಂಗಿ ನೋಡಿದೆ. ಕರೆದು ಹೇಳಿದೆ, ಅವನಿಗೆ ಅರ್ಥವಾಗಲಿಲ್ಲ. ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಹಾಗಾಗಿ ನಮ್ಮ ಮನೆಯದನ್ನು ತೆಗೆಯಬೇಡ. ನಮ್ಮದನ್ನು ಬಿಟ್ಟರೆ ಗೋಡೆಯ ಪಕ್ಕ ಇರುವವರಿಗಷ್ಟೇ ತೊಂದರೆ ಅಂತ ಆಗುತ್ತದೆ. ಬಟ್ಟೆಯ ಮೇಲೂ ಬರುತ್ತದೆ ಅನ್ನುವುದು ನಮ್ಮ ಮನೆಯಿಂದಲೇ ಗೊತ್ತಾಗಬೇಕು. ಊರು ಏನಾದರೂ ಅಂದುಕೊಳ್ಳಲಿ. ಅವರಿಗೂ ನನಗೂ ಯಾರೂ ಹೇಳಿರಲಿಲ್ಲ, ಈಗ ಇವರಿಗಾದರೂ ಹೇಳೋಣ.

ಕೇಳಬೇಕಾದವನು ಮಗ ಅಂತ ಅವನನ್ನೂ ಕೇಳಿದೆ. ಅವನು ಹಿಟ್ಟು ನಾದುತ್ತಿದ್ದ. ಕೈ ನಿಲ್ಲಿಸದೆ, "ಹಾಕ್ಲಿ ಬಿಡಮ್ಮ" ಅಂದ. ಎಷ್ಟಿದೆ ಅಂತ ಹೇಳಲು ಹೋದೆ. "ಬೇಡ, ಎಲ್ಲರ ಜೊತೆ ನೋಡ್ತೀನಿ" ಅಂದ. ಸಹಿ ಹಾಕಿಸಿ ಕಳಿಸಿದ್ದೇನೆ.

ಇನ್ನು ಮೇಲೆ ಅವನನ್ನು ಆ ಹೆಸರಿನಿಂದ ಕರೆಯುವುದಿಲ್ಲ. ನೀನೂ ಕರೆಯಬೇಡ.

ಅತ್ತಿಗೆ

ಜೂನ್ ೨೪

ಅತ್ತಿಗೆ,

ನಿನ್ನೆ ತೆರೆದೆವು. ಮೊಬೈಲ್ ಇದ್ದವರು ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ನೋಡಬಹುದು. ಅರ್ಜಿ ಇಲ್ಲ, ಅನುಮತಿ ಇಲ್ಲ. ಒಂದೊಂದು ಹಲ್ಲಿನ ಅಂಕಿಯೂ ಬೀದಿವಾರು ಇದೆ, ಹೆಸರುಗಳಿಲ್ಲ. ಹಳೆಯ ಲೇಖನವನ್ನೂ ನಮ್ಮ ಭಾಷೆಗೆ ತಂದು ಹಾಕಿದ್ದೇವೆ, ನಾನೇ ಬರೆದೆ, ನಿಮಗೆ ಅರ್ಥವಾಗುತ್ತದೆಯೇ ಅಂತ ಪ್ರತಿ ಸಾಲಿಗೂ ಕೇಳಿಕೊಂಡು. ಅಂಕಿ ತಿದ್ದಿಕೊಟ್ಟವರು "ಒಂದನೇ ತರಗತಿಯ ಹಳೆಯ ಮಕ್ಕಳು ಮತ್ತು ಅವರ ಟೀಚರ್" ಎಂದು ನಿರ್ದೇಶಕರು ಸೇರಿಸಿದರು. ನಾನು ಹೇಳಿರಲಿಲ್ಲ, ಅವರೇ ಹಾಕಿದ್ದು.

ಬೆಳಿಗ್ಗೆ ಬಂದು ನೋಡಿದರೆ ನಾನು ಕೇಳಿಯೂ ಇರದ ಊರಿನ ವೈದ್ಯೆಯೊಬ್ಬರು ಬರೆದಿದ್ದರು. ಅಲ್ಲೂ ಅಂಥ ಕಾರ್ಖಾನೆ ಇದೆಯಂತೆ, ಕೆಲಸಗಾರರು ಅದೇ ಬಟ್ಟೆಯಲ್ಲಿ ಮನೆಗೆ ಹೋಗುತ್ತಾರಂತೆ. ನಿಮ್ಮ ಮನೆಯ ಆ ಒಂದು ಹಲ್ಲಿನ ಬಗ್ಗೆಯೇ ಕೇಳಿದ್ದಾರೆ.

ಪುರಸಭೆಯವರು ಇದಕ್ಕಾಗಿ ಕರೆಯುವ ಸಭೆಯ ದಿನ ಮಗನ ಪಕ್ಕದಲ್ಲೇ ಇರಿ. ಒಂದು ಹಲ್ಲಿನಿಂದ ಖಂಡಿತವಾಗಿ ಏನೂ ಹೇಳಲಾಗದು ಅಂತ ಅವನಿಗೆ ಹೇಳಿ.

ನನ್ನ ಮೇಲೆ ಸಿಟ್ಟಿದೆ, ಗೊತ್ತು. ಇಳಿದ ಮೇಲೆ ಒಂದು ಸಾಲು ಬರೆಯಿರಿ. ಬರುತ್ತೇನೆ.

ನಿಮ್ಮ ನಾದಿನಿ

ಜುಲೈ ೩೦

ನಾದಿನಿಗೆ,

ಸಭೆ ಮುಗಿಯಿತು. ಪುರಸಭೆಯ ದೊಡ್ಡ ಕೋಣೆಯಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯಲ್ಲೂ ನಿಂತಿದ್ದರು. ಟೈಲರ್ ಹುಡುಗಿ ನಿಮ್ಮ ಬೀದಿವಾರು ಅಂಕಿಗಳ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟಳು. ಅಧ್ಯಕ್ಷರು, "ಇಷ್ಟೊಂದು ಇರೋ ಆ ಒಂದು ಮನೇದು ಏನೋ ತಪ್ಪಿರಬೇಕು" ಅಂದರು. ನಾನು ಏಳಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿದ್ದವನು ಎದ್ದ. ಶಾಲೆಯಲ್ಲಿ ಒಂದು ಸಲವೂ ಎದ್ದು ನಿಂತು ಉತ್ತರ ಹೇಳಿದವನಲ್ಲ. "ತಪ್ಪಿಲ್ಲ ಸಾರ್. ಅದು ನಂದು. ನಮ್ಮಪ್ಪ ಬಟ್ಟೇಲಿ ತಂದಿದ್ದು, ಅವ್ರಿಗೆ ಗೊತ್ತಿರ್ಲಿಲ್ಲ. ಈಗ ನಿಮಗೆಲ್ಲ ಗೊತ್ತು" ಅಂದು ಕೂತ. ಅಷ್ಟೇ.

ಪಾಯ ತೋಡುವುದು ನಿಂತಿದೆ. ಶಾಲೆಗೆ ಟ್ಯಾಂಕಿನ ಹತ್ತಿರದ ಜಾಗ ನೋಡುತ್ತಿದ್ದಾರೆ. ಗೋಡೆ ಕೆಡವುವವರಿಗೆ ಅಲ್ಲೇ ಸ್ನಾನಕ್ಕೆ ನೀರು, ಬೇರೆ ಬಟ್ಟೆ ಕೊಟ್ಟಿದ್ದಾರೆ. ಬಟ್ಟೆ ಅಲ್ಲೇ ಒಗೆಯಬೇಕು ಅಂತ ಕಟ್ಟುನಿಟ್ಟು.

ಮನೆಗೆ ಬಂದ ಮೇಲೆ ಅವನು ಅಡುಗೆಮನೆಯಲ್ಲಿ ನನ್ನ ಎದುರು ಕೂತ. "ಅಮ್ಮ, ಲೆಕ್ಕ ತಲೆಗೆ ಹತ್ತದೇ ಇದ್ದಿದ್ದು ಇದ್ರಿಂದ್ಲಾ?" ಅಂತ ಕೇಳಿದ. ನೀನು ಹೇಳಿದ್ದನ್ನೇ ಹೇಳಿದೆ, ಒಂದು ಹಲ್ಲಿನಿಂದ ಖಂಡಿತ ಹೇಳಲಾಗದು ಅಂತ. "ಖಂಡಿತ ಬೇಡ. ಇರಬಹುದಾ?" ಅಂದ. "ಇರಬಹುದು" ಅಂದೆ. ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ನಲವತ್ತು ದಾಟಿದವನು. ನಾನು ಅವನ ಬೆನ್ನು ಸವರುತ್ತಾ ಕೂತೆ, ಚಿಕ್ಕಂದಿನಲ್ಲಿ ಹಾಗೆ ಸವರಿದ್ದು ಕಡಿಮೆ. ಆಮೇಲೆ ಮುಖ ಒರೆಸಿಕೊಂಡು, "ಇಷ್ಟು ವರ್ಷ ನಾನೇ ಸರಿಯಿಲ್ಲ ಅಂದ್ಕೊಂಡಿದ್ದೆ" ಅಂದು ಬೇಕರಿಗೆ ಹೋದ.

ನಿನ್ನ ಮೇಲೆ ಸಿಟ್ಟಿದೆ. ಆ ಒಂದು ಮಾತು ಮೊದಲೇ ಸಿಕ್ಕಿದ್ದರೆ ಅವನು ಬೇರೆ ಥರ ಬದುಕಬಹುದಿತ್ತು ಅಂತ ಹೊಟ್ಟೆ ಉರಿಯುತ್ತದೆ. ನನ್ನ ಮೇಲೂ ಅಷ್ಟೇ ಸಿಟ್ಟಿದೆ. ಇದು ಬೇಗ ಇಳಿಯುವಂಥದ್ದಲ್ಲ, ಇಳಿಯಲಿ ಅಂತ ಕಾದರೆ ನಮ್ಮಿಬ್ಬರಿಗೂ ಅಷ್ಟು ವಯಸ್ಸು ಉಳಿದಿಲ್ಲ. ಸಿಟ್ಟಿರುವಾಗಲೇ ಬಾ. ಬೆಳಗಿನ ಬಸ್ಸು ಈಗಲೂ ಇದೆ.

ಇವನು ತಾನೂ ಎರಡು ಸಾಲು ಬರೆಯುತ್ತೇನೆ ಅಂತ ಪೆನ್ನಿಗೆ ಕೈ ಚಾಚಿ ನಿಂತಿದ್ದಾನೆ.

ನಿನ್ನ ಅತ್ತಿಗೆ

ಅತ್ತೆ, ನನ್ನ ಹಲ್ಲು ಇನ್ನೂ ನಿಮ್ಮ ಹತ್ರ ಇದೆಯಾ? ಅಮ್ಮ ಅದನ್ನ ವಾಪಸ್ ತರಿಸೋಣ ಅಂತಿದ್ದಾರೆ. ಬೇಡ ಅತ್ತೆ. ಅಲ್ಲೇ ಇರ್ಲಿ. ಆ ಬೇರೆ ಊರಿನ ಡಾಕ್ಟರಿಗೆ ನೋಡೋಕೆ ಬೇಕಾಗಬಹುದು.